ಹಚ್ಚದೆ ಉಳಿದ ತೇಪೆ

2017ನೆಯ ಇಸವಿಯ ಮಾರ್ಚ್ 7ರಂದು ಅಪಾಚೆ ಸಾಫ್ಟ್‌ವೇರ್ ಫೌಂಡೇಷನ್ ಎಂಬ ಸಂಸ್ಥೆಯವರು, ತಮ್ಮ ಆಶ್ರಯದಲ್ಲಿ ಸಿದ್ಧವಾಗಿ ಲೋಕದ ಸಹಸ್ರಾರು ಕಚೇರಿಗಳಲ್ಲಿ ಬಳಕೆಯಲ್ಲಿದ್ದ ‘ಸ್ಟ್ರಟ್ಸ್’ ಎಂಬ ತಂತ್ರಾಂಶದಲ್ಲಿ ಅತಿ ಗಂಭೀರವಾದ ಒಂದು ಲೋಪ ಕಂಡುಬಂದಿದೆಯೆಂದೂ, ಆ ಲೋಪವನ್ನು ನಿವಾರಿಸಿದ ಹೊಸ ಆವೃತ್ತಿಗಳು ಸಿದ್ಧವಾಗಿವೆಯೆಂದೂ, ಹಳೆಯದನ್ನು ಬಳಸುತ್ತಿರುವವರೆಲ್ಲರೂ ಕಾಲವಿಳಂಬ ಮಾಡದೆ ಹೊಸದನ್ನು ಸ್ಥಾಪಿಸಿಕೊಳ್ಳತಕ್ಕದ್ದೆಂದೂ ಪ್ರಕಟಿಸಿದರು. ಆ ತೇಪೆಗೆ ಬೆಲೆಯಿರಲಿಲ್ಲ. ಬೇಕೆಂದವರು ಬೇಕೆಂದ ಕ್ಷಣದಲ್ಲಿ ಇಳಿಸಿಕೊಳ್ಳಬಹುದಾಗಿತ್ತು. ಅದಾಗಿ ಸರಿಯಾಗಿ ಆರು ತಿಂಗಳಿಗೆ, ಸೆಪ್ಟೆಂಬರ್ 7ರಂದು, ಅಮೆರಿಕದ ಅಟ್ಲಾಂಟಾ ನಗರದಲ್ಲಿ ಮುಖ್ಯ ಕಚೇರಿಯುಳ್ಳ ಇಕ್ವಿಫ್ಯಾಕ್ಸ್ ಎಂಬ ಕಂಪನಿ, ತನ್ನ ವಶದಲ್ಲಿದ್ದ ಸುಮಾರು 14 ಕೋಟಿ 30 ಲಕ್ಷ ಜನರ ಹೆಸರು, ಜನ್ಮದಿನಾಂಕ, ವಿಳಾಸ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಮೊದಲಾದ ವಿವರಗಳು ಪರರ ಪಾಲಾಗಿರುವುದಾಗಿ ಲೋಕಕ್ಕೆ ತಿಳಿಸಿತು. ಎಣಿಕೆ ಮುಂದೆ 14 ಕೋಟಿ 70 ಲಕ್ಷಕ್ಕೆ ಏರಿತು. ಕಳ್ಳರು ಒಳಹೊಕ್ಕ ದಾರಿ, ಮಾರ್ಚ್ 7ರಂದು ಪ್ರಕಟವಾಗಿದ್ದ ಆ ಲೋಪವೇ.

ಈ ಪ್ರಸಂಗವನ್ನು ಅಲಕ್ಷ್ಯವೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಸುಲಭ. ಅಂದು ಬಹುಮಂದಿ ಹಾಗೆಯೇ ಮುಗಿಸಿದರು. ಆದರೆ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಗಳು ತರುವಾಯ ಹೊರತಂದ ವರದಿಗಳನ್ನು ಕುಳಿತು ಓದಿದವರಿಗೆ ಕಾಣುವ ಚಿತ್ರ ಬೇರೆ. ಎಚ್ಚರಿಕೆ ಬಂದಿತ್ತು, ಬಂದ ಎಚ್ಚರಿಕೆಯನ್ನು ಓದಿದವರಿದ್ದರು, ಓದಿದವರು ಮುಂದಿನವರಿಗೆ ತಿಳಿಸಿದ್ದರು, ಹುಡುಕುವವರು ಹುಡುಕಿಯೂ ಇದ್ದರು. ಇಷ್ಟೆಲ್ಲ ನಡೆದ ಮೇಲೆಯೂ ತೇಪೆ ಬೀಳಬೇಕಾದ ಸ್ಥಳಕ್ಕೆ ಬೀಳಲಿಲ್ಲವಾದರೆ ದೋಷ ಯಾರೋ ಒಬ್ಬನ ಸೋಮಾರಿತನದಲ್ಲಿ ಇರಲಾರದು. ತಂತ್ರಾಂಶದ ಲೋಪಕ್ಕೆ ತೇಪೆ ತಯಾರಿಸುವುದು ವಿದ್ಯೆಯ ಕೆಲಸವಾದರೆ, ತಯಾರಾದ ತೇಪೆಯನ್ನು ಹಚ್ಚುವುದು ಆಡಳಿತದ ಕೆಲಸ; ಮೊದಲನೆಯದರಲ್ಲಿ ನಾವು ಸಾಧಿಸಿದ ಪ್ರಗತಿಯ ನಾಲ್ಕನೆಯ ಒಂದು ಪಾಲನ್ನೂ ಎರಡನೆಯದರಲ್ಲಿ ಸಾಧಿಸಿಲ್ಲವೆಂದೇ ನನ್ನ ಅಭಿಪ್ರಾಯ.

ಸ್ಟ್ರಟ್ಸ್ ಎಂಬುದು ನಾವು ಮೊಬೈಲಿನಲ್ಲಿ ಹಾಕಿಕೊಳ್ಳುವ ಆ್ಯಪಿನಂತೆ ಸ್ವತಂತ್ರವಾಗಿ ನಿಲ್ಲುವ ವಸ್ತುವಲ್ಲ. ಬ್ಯಾಂಕು, ವಿಮಾ ಸಂಸ್ಥೆ, ಸರ್ಕಾರಿ ಇಲಾಖೆ ಮೊದಲಾದವು ತಮ್ಮ ಸರ್ವರುಗಳಲ್ಲಿ ನಡೆಸುವ ಅಂತರ್ಜಾಲ ವ್ಯವಹಾರಕ್ಕೆ ಬೇಕಾದ ಪ್ರೋಗ್ರಾಮುಗಳನ್ನು ಜಾವಾ ಭಾಷೆಯಲ್ಲಿ ಬರೆಯುವಾಗ, ಪ್ರತಿಯೊಬ್ಬರೂ ಮೊದಲಿನಿಂದ ಬರೆದುಕೊಳ್ಳುವ ಶ್ರಮ ತಪ್ಪಲೆಂದು ಒಮ್ಮೆ ಬರೆದು ಎಲ್ಲರ ಉಪಯೋಗಕ್ಕೆ ಬಿಟ್ಟಿರುವ ಸಿದ್ಧ ಅಂಗ ಅದು. ಪ್ರೋಗ್ರಾಮು ಬರೆದವನು ಅದನ್ನು ತನ್ನ ಬರಹದೊಳಗೆ ಸೇರಿಸಿಕೊಂಡು ಕಟ್ಟುತ್ತಾನೆ. ಕಟ್ಟಿದ ಮೇಲೆ ಹೊರಗಿನಿಂದ ನೋಡಿದವರಿಗೆ ಅದರ ಹೆಸರೂ ಕಾಣದು, ಕುರುಹೂ ಕಾಣದು. ಬರೆದವನು ಕೆಲಸ ಬಿಟ್ಟು ಹೋಗಬಹುದು, ಇಲಾಖೆ ಬದಲಾಗಬಹುದು, ಕಂಪನಿಯನ್ನೇ ಇನ್ನೊಂದು ಕಂಪನಿ ಕೊಂಡುಕೊಳ್ಳಬಹುದು. ಒಳಗಿನ ಅಂಗ ಮಾತ್ರ ಯಾರ ಜ್ಞಾಪಕದಲ್ಲಿಯೂ ಇಲ್ಲದೆ ಕೆಲಸ ಮಾಡುತ್ತಲೇ ಇರುತ್ತದೆ.

ಲೋಪವಾದರೂ ಎಂಥದು ಎಂಬುದನ್ನು ಕೊಂಚ ಹತ್ತಿರದಿಂದ ನೋಡುವುದು ಲೇಸು; ಏಕೆಂದರೆ ಇಂಥ ಲೋಪಗಳ ಜಾತಿ ಒಂದೇ. ನಮ್ಮ ಬ್ರೌಸರು ಒಂದು ಸರ್ವರಿಗೆ ಏನನ್ನಾದರೂ ಕಳುಹಿಸುವಾಗ, ಕಳುಹಿಸುತ್ತಿರುವುದು ಯಾವ ಬಗೆಯ ವಸ್ತು, ಬರಿಯ ಅಕ್ಷರವೋ, ಚಿತ್ರವೋ, ಲಗತ್ತಿಸಿದ ಕಡತವೋ, ಎಂಬುದನ್ನು ತಲೆಬರಹದಲ್ಲಿ ಒಂದು ಸಾಲಿನಲ್ಲಿ ಸೂಚಿಸುತ್ತದೆ. ‘ಕಂಟೆಂಟ್ ಟೈಪ್’ ಎಂದು ಆ ಸಾಲಿಗೆ ಹೆಸರು. ಬಳಕೆದಾರನ ಕಣ್ಣಿಗೆ ಅದು ಎಂದೂ ಬೀಳುವುದಿಲ್ಲ. ಸ್ಟ್ರಟ್ಸ್‌ನಲ್ಲಿ ಆ ಸಾಲನ್ನು ಓದುವ ಭಾಗ, ತನಗೆ ಅರ್ಥವಾಗದ ಏನಾದರೂ ಅಲ್ಲಿ ಕಂಡರೆ, ಸಜ್ಜನಿಕೆಯಿಂದ, “ನೀವು ಹೀಗೆ ಬರೆದಿದ್ದೀರಿ, ಇದು ನನಗೆ ತಿಳಿಯದು” ಎಂಬರ್ಥದ ಒಂದು ತಪ್ಪೊಪ್ಪೋಲೆಯನ್ನು ರಚಿಸುತ್ತಿತ್ತು. ಹಾಗೆ ರಚಿಸುವಾಗ ಬಂದಿದ್ದ ಮೂಲ ಬರಹವನ್ನೂ ಅದರೊಳಗೆ ಸೇರಿಸುತ್ತಿತ್ತು. ಅನರ್ಥ ನಡೆದದ್ದು ಇಲ್ಲಿ. ಆ ಓಲೆಯನ್ನು ಬಳಕೆದಾರನ ಭಾಷೆಗೆ ತಕ್ಕಂತೆ ಸಿದ್ಧಗೊಳಿಸುವ ಇನ್ನೊಂದು ಭಾಗವಿತ್ತು. ಅದು ಬರಹದಲ್ಲಿ ಸೂತ್ರರೂಪದ ಪದಗಳು ಕಂಡರೆ ಅವನ್ನು ಬರಿದೆ ಮುದ್ರಿಸುವ ಬದಲು ಆಜ್ಞೆಯೆಂದೇ ಭಾವಿಸಿ ನೆರವೇರಿಸುತ್ತಿತ್ತು. ಹೀಗಾಗಿ, ಭೂಮಂಡಲದ ಯಾವ ಮೂಲೆಯಲ್ಲಾದರೂ ಕುಳಿತ ಅಪರಿಚಿತನೊಬ್ಬ, ಹೆಸರು ಹೇಳದೆ, ಪಾಸ್‌ವರ್ಡ್ ಕೊಡದೆ, ಆ ಒಂದು ಸಾಲಿನಲ್ಲಿ ತನ್ನ ಆಜ್ಞೆಯನ್ನು ಬರೆದು ಕಳುಹಿಸಿದರೆ, ಸರ್ವರು “ತಿಳಿಯಲಿಲ್ಲ” ಎಂದು ಹೇಳಹೊರಟು, ಹೇಳುವ ಪ್ರಯತ್ನದಲ್ಲಿಯೇ ಆ ಆಜ್ಞೆಯನ್ನು ಶಿರಸಾವಹಿಸಿ ಮಾಡಿಬಿಡುತ್ತಿತ್ತು. ಓದಬೇಕಾದ್ದನ್ನು ಪಾಲಿಸಿದ ಈ ವಿಪರ್ಯಾಸ ವಿಧೇಯತೆಯ ಅತಿರೇಕವೇ ಹೊರತು ಮೂರ್ಖತನವಲ್ಲ, ಬರೆದವರು ಸಮರ್ಥರೇ. ಎರಡು ಭಾಗಗಳನ್ನು ಬೇರೆಬೇರೆಯಾಗಿ ನೋಡಿದರೆ ಎರಡೂ ನಿರ್ದುಷ್ಟವಾಗಿಯೇ ಕಾಣುತ್ತವೆ.

ಇನ್ನು ತೇಪೆಯ ವಿಷಯದಲ್ಲಿ ಸಾಮಾನ್ಯ ಜನರು ಆಲೋಚಿಸದ ಒಂದು ಅಂಶವುಂಟು. ಲೋಪ ಯಾರಿಗೂ ತಿಳಿಯದೆ ಇರುವವರೆಗೆ ಅದರಿಂದ ಅಪಾಯ ಸ್ವಲ್ಪವೇ. ತಿದ್ದುಪಡಿ ಪ್ರಕಟವಾಯಿತೆಂದರೆ ತಿದ್ದಿಸಿಕೊಳ್ಳದವರ ಪಾಲಿಗೆ ಅಪಾಯ ಅದೇ ಗಳಿಗೆಯಿಂದ ನೂರ್ಮಡಿಯಾಗುತ್ತದೆ. ಹಳೆಯ ಆವೃತ್ತಿಯನ್ನೂ ಹೊಸ ಆವೃತ್ತಿಯನ್ನೂ ಅಕ್ಕಪಕ್ಕದಲ್ಲಿಟ್ಟು ಎಲ್ಲಿ ಯಾವ ಸಾಲು ಬದಲಾಗಿದೆಯೆಂದು ನೋಡಿದವನಿಗೆ ಹಳೆಯದನ್ನು ಮುರಿಯುವ ಬಗೆ ತಾನಾಗಿ ತಿಳಿಯುತ್ತದೆ. ಆದಕಾರಣ ತೇಪೆಯ ಪ್ರಕಟಣೆಯನ್ನು ಕಚೇರಿಯ ಎಂಜಿನಿಯರು ಎಷ್ಟು ಆಸಕ್ತಿಯಿಂದ ಓದುತ್ತಾನೋ ಕಳ್ಳನೂ ಅಷ್ಟೇ ಆಸಕ್ತಿಯಿಂದ ಓದುತ್ತಾನೆ. ವ್ಯತ್ಯಾಸವೇನೆಂದರೆ ಕಳ್ಳನು ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಸ್ಟ್ರಟ್ಸ್ ಲೋಪವನ್ನು ಬಳಸುವ ವಿಧಾನ ದಿನವೊಂದೆರಡರಲ್ಲಿಯೇ ಬಹಿರಂಗವಾಗಿ ಹಬ್ಬಿತು. ಮಾರ್ಚ್ 10ರಂದು, ಪ್ರಕಟಣೆಯ ಮೂರನೆಯ ದಿನ, ಯಾರೋ ಇಕ್ವಿಫ್ಯಾಕ್ಸ್‌ನ ಒಂದು ಸರ್ವರಿಗೆ ಆ ಮಾರ್ಗವಾಗಿ ‘ಹೂ ಆಮ್ ಐ’ ಎಂಬ ಸಣ್ಣ ಆಜ್ಞೆಯನ್ನು ಕಳುಹಿಸಿದರು. “ನಾನು ಇಲ್ಲಿ ಯಾರು?” ಎಂದು ಯಂತ್ರವನ್ನು ಕೇಳುವ ಆಜ್ಞೆ ಅದು. ಯಂತ್ರ ಉತ್ತರ ಕೊಟ್ಟಿತು. ಕೇಳಿದವನಿಗೆ ಬೇಕಾದದ್ದು ಉತ್ತರವಲ್ಲ, ಉತ್ತರ ಬರುತ್ತದೆಂಬ ನಿಶ್ಚಯ.

ನಮ್ಮಲ್ಲಿ ಮನೆ ಕಟ್ಟುವುದಕ್ಕೋ ವಾಹನ ಕೊಳ್ಳುವುದಕ್ಕೋ ಸಾಲ ಬೇಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದವರಿಗೆಲ್ಲ ‘ಸಿಬಿಲ್ ಸ್ಕೋರ್’ ಎಂಬ ಅಂಕದ ಪರಿಚಯ ಆಗಿಯೇ ಇರುತ್ತದೆ. ಅಂಥ ಅಂಕಗಳನ್ನು ಕಟ್ಟಿಕೊಡುವ ಅಮೆರಿಕದ ಮೂರು ದೊಡ್ಡ ಕಂಪನಿಗಳಲ್ಲಿ ಇಕ್ವಿಫ್ಯಾಕ್ಸ್ ಒಂದು. 1899ರಲ್ಲಿ ರಿಟೇಲ್ ಕ್ರೆಡಿಟ್ ಕಂಪನಿಯೆಂಬ ಹೆಸರಿನಿಂದ ಆರಂಭವಾದದ್ದು. ಯಾರು ಯಾವ ಸಾಲ ಮಾಡಿದರು, ಕಾಲಕ್ಕೆ ಸರಿಯಾಗಿ ತೀರಿಸಿದರೋ ಇಲ್ಲವೋ ಎಂಬುದನ್ನು ಅವರನ್ನು ಕೇಳದೆಯೇ ಬ್ಯಾಂಕುಗಳಿಂದ ಪಡೆದು ಕೂಡಿಡುವುದು ಇದರ ಕಸಬು. ವಿವರ ಕಳೆದುಕೊಂಡ ಕೋಟ್ಯಂತರ ಜನರಲ್ಲಿ ಬಹುತೇಕರು ಆ ಕಂಪನಿಯ ಗಿರಾಕಿಗಳೇ ಅಲ್ಲ. ಅವರು ಅಲ್ಲಿನ ಸರಕು. ಈ ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ಕಥೆ ಇನ್ನಷ್ಟು ಕಹಿಯಾಗುತ್ತದೆ. ತಮ್ಮ ಬಗೆಗಿನ ದಾಖಲೆಯಲ್ಲಿ ತಪ್ಪಿದೆಯೆಂದು ದೂರುವ ಜನರು ಆಧಾರಪತ್ರಗಳನ್ನು ಕಳುಹಿಸುವುದಕ್ಕಾಗಿ ಆ ಕಂಪನಿಯಲ್ಲಿ ‘ಎಸಿಐಎಸ್’ ಎಂಬ ಒಂದು ವ್ಯವಸ್ಥೆಯಿತ್ತು. ಅದರ ಮೂಲ 1970ರ ದಶಕದ್ದು. ಕಾಲಕಾಲಕ್ಕೆ ಅದಕ್ಕೆ ಹೊಸ ಅಂಗಗಳನ್ನು ಜೋಡಿಸುತ್ತ ಬಂದು ಕಡೆಗೆ ಅಂತರ್ಜಾಲಕ್ಕೂ ಮುಖ ಮಾಡಿಸಿದ್ದರು. ಸ್ಟ್ರಟ್ಸ್ ಇದ್ದದ್ದು ಅಲ್ಲಿ.

ಮಾರ್ಚ್ 8ರಂದು ಅಮೆರಿಕ ಸರ್ಕಾರದ ಯುಎಸ್-ಸರ್ಟ್ ಸಂಸ್ಥೆಯಿಂದ ಇಕ್ವಿಫ್ಯಾಕ್ಸ್‌ಗೆ ಎಚ್ಚರಿಕೆ ತಲುಪಿತು. ಮರುದಿನವೇ ಕಂಪನಿಯ ಭದ್ರತಾ ವಿಭಾಗದವರು ತಮ್ಮ 400ಕ್ಕೂ ಹೆಚ್ಚು ನೌಕರರಿಗೆ ಇಮೇಲ್ ಕಳುಹಿಸಿ, ಸ್ಟ್ರಟ್ಸ್ ಬಳಸುತ್ತಿರುವವರು 48 ಗಂಟೆಗಳೊಳಗೆ ತೇಪೆ ಹಚ್ಚತಕ್ಕದ್ದೆಂದು ಸೂಚಿಸಿದರು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಚುರುಕಾದ ಆಡಳಿತವಿಲ್ಲ! ಆದರೆ ಎಸಿಐಎಸ್‌ನ ಒಳಗೆ ಸ್ಟ್ರಟ್ಸ್ ಇದೆಯೆಂದು ಬಲ್ಲ ತಂತ್ರಜ್ಞನ ಹೆಸರು ಆ ವಿಳಾಸಪಟ್ಟಿಯಲ್ಲಿ ಇರಲಿಲ್ಲ. ಮೇಲಧಿಕಾರಿಗಳ ಹೆಸರಿತ್ತು, ಅವರಿಂದ ಅವನಿಗೆ ಪತ್ರ ಹರಿಯಲಿಲ್ಲ. ಮಾರ್ಚ್ 15ರಂದು, ಲೋಪವುಳ್ಳ ಸರ್ವರು ಎಲ್ಲಾದರೂ ಉಳಿದಿದೆಯೇ ಎಂದು ಪತ್ತೆಹಚ್ಚುವ ಸ್ಕ್ಯಾನಿಂಗ್ ನಡೆಯಿತು. ಸ್ಕ್ಯಾನರು ಮೇಲಿನ ಫೋಲ್ಡರನ್ನು ನೋಡಿತು. ಸ್ಟ್ರಟ್ಸ್ ಇದ್ದದ್ದು ಅದರ ಒಳಗಿನ ಫೋಲ್ಡರಿನಲ್ಲಿ. ಎಲ್ಲಿಯೂ ಲೋಪವಿಲ್ಲವೆಂಬ ಫಲಿತಾಂಶ ಬಂದಿತು. ಮರುದಿನದ ಸಭೆಯಲ್ಲಿಯೂ ವಿಷಯ ಪ್ರಸ್ತಾಪವಾಯಿತು. ಆ ಬಳಿಕ ಅದನ್ನು ಎತ್ತಿದವರಿಲ್ಲ.

ಅದಕ್ಕೆ ಎರಡು ವರ್ಷಗಳ ಹಿಂದೆ, 2015ರಲ್ಲಿ, ಅದೇ ಕಂಪನಿಯ ಆಂತರಿಕ ಆಡಿಟ್ ನಡೆದಾಗ, ತೇಪೆ ಕಾಣದೆ ಬಾಕಿ ಉಳಿದ ಲೋಪಗಳ ಸಂಖ್ಯೆ 8,500ಕ್ಕೂ ಮೇಲೆಂದೂ, ಕಂಪನಿಯಲ್ಲಿ ಯಾವ ಯಾವ ಯಂತ್ರಗಳು, ಯಾವ ಯಾವ ತಂತ್ರಾಂಶಗಳು ಇವೆಯೆಂಬುದರ ಸಮಗ್ರವಾದ ಪಟ್ಟಿಯೇ ಇಲ್ಲವೆಂದೂ, ತೇಪೆ ಹಚ್ಚುವ ಕೆಲಸ ಪರಸ್ಪರ ನಂಬಿಕೆಯ ಮೇಲೆ ನಡೆಯುತ್ತಿದೆಯೆಂದೂ ಆಡಿಟರುಗಳು ಬರೆದಿದ್ದರು. ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾನುಭೋಗರ ದಫ್ತರವೊಂದಿತ್ತು. ಶಾನುಭೋಗರ ಪ್ರಾಮಾಣಿಕತೆಯ ವಿಷಯದಲ್ಲಿ ಊರಿನವರು ಏನೇ ಆಡಿಕೊಳ್ಳಲಿ, ಯಾವ ಸರ್ವೆ ನಂಬರು ಯಾರ ಅನುಭವದಲ್ಲಿದೆ, ತರಿಯೋ ಖುಷ್ಕಿಯೋ ಬಾಗಾಯತೋ, ಕಂದಾಯವೆಷ್ಟು, ಬಾಕಿಯೆಷ್ಟು, ಯಾವ ಬದುವಿನ ಮೇಲೆ ಯಾರ ತಕರಾರಿದೆ ಎಂಬುದೆಲ್ಲ ಆ ದಫ್ತರದಲ್ಲಿ ಇರುತ್ತಿತ್ತು. ಅಮಲ್ದಾರರು ಜಮಾಬಂದಿಗೆ ಬಂದು ಕೇಳಿದರೆ ಒಂದು ಎಕರೆಯೂ ಕಣ್ತಪ್ಪಿ ಉಳಿಯುವಂತಿರಲಿಲ್ಲ. ಕೋಟಿಗಟ್ಟಲೆ ಜನರ ಸಾಲಸೋಲದ ಲೆಕ್ಕವನ್ನು ತಪ್ಪದೆ ಇಡುತ್ತಿದ್ದ ಈ ಆಧುನಿಕ ಸಂಸ್ಥೆಗೆ ತನ್ನ ಸ್ವಂತ ಯಂತ್ರಗಳ ಅಂಥ ದಫ್ತರವೊಂದು ಇರಲಿಲ್ಲ. ದಫ್ತರವಿಲ್ಲದ ಮೇಲೆ 48 ಗಂಟೆಯೆಂದು ಗಡುವಿಟ್ಟರೇನು, ನಾಲ್ಕು ಗಂಟೆಯೆಂದು ಇಟ್ಟರೇನು? ಗಡುವು ಯಾವ ಯಂತ್ರಕ್ಕೆ, ಯಾರ ತಲೆಯ ಮೇಲೆ ಎಂಬುದೇ ಅನಿಶ್ಚಿತ.

ಗೊತ್ತಿದ್ದ ಕಡೆಯಲ್ಲಿಯೂ ತೇಪೆ ಹಚ್ಚುವುದು ಗುಂಡಿ ಒತ್ತಿ ಮುಗಿಸುವ ಕೆಲಸವಲ್ಲ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಮಾನ್ಯತಾ ಟೆಕ್ ಪಾರ್ಕುಗಳ ಕಚೇರಿಗಳಲ್ಲಿ ದುಡಿಯುವ ಸಹಸ್ರಾರು ಕನ್ನಡಿಗ ತರುಣ ತರುಣಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಗರದಾಚೆಯ ಕಂಪನಿಗಳ ಸರ್ವರುಗಳಿಗೆ ತೇಪೆ ಹಚ್ಚುವ ಕಾರ್ಯ ಬಹುಮಟ್ಟಿಗೆ ಅವರ ಕೈಯಲ್ಲಿಯೇ ನಡೆಯುತ್ತದೆ. ಮೈಕ್ರೋಸಾಫ್ಟ್‌ನವರು 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ತಮ್ಮ ತೇಪೆಗಳನ್ನು ಒಟ್ಟಾಗಿ ಬಿಡುಗಡೆ ಮಾಡುವ ಪದ್ಧತಿಯಿಟ್ಟುಕೊಂಡರು. ಅವು ಹೊರಬರುವ ಅಲ್ಲಿಯ ಬೆಳಗಿನ ಹತ್ತು ಗಂಟೆ ನಮಗೆ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ ಆಗುತ್ತದೆ. ಹಚ್ಚುವುದಕ್ಕಾದರೆ ಅಲ್ಲಿಯ ಗಿರಾಕಿಗಳು ಮಲಗಿರುವ ಶನಿವಾರ ರಾತ್ರಿಯನ್ನೇ ಆರಿಸುತ್ತಾರಾದ್ದರಿಂದ, ಅದು ನಮ್ಮ ಭಾನುವಾರದ ಬೆಳಗಾಗುತ್ತದೆ. ಮನೆಮಂದಿ ತಿಂಡಿಗೆ ಕುಳಿತಿರುವಾಗ ಹಿರಿಯ ಮಗ ಕೋಣೆಯ ಬಾಗಿಲು ಮುಚ್ಚಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ‘ಬ್ರಿಜ್ ಕಾಲ್’ ಎಂಬ ಆ ಸುದೀರ್ಘ ಸಾಮೂಹಿಕ ಸಂಭಾಷಣೆಯಲ್ಲಿ ಮಗ್ನನಾಗಿರುವುದನ್ನು ನಾನು ನೆರೆಹೊರೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಆ ಕೋಣೆಯೊಳಗೆ ನಡೆಯುವುದು ಏನೆಂದರೆ: ಚೇಂಜ್ ರಿಕ್ವೆಸ್ಟಿಗೆ ಮಂಜೂರಾತಿ ದೊರೆತಿದೆಯೇ ಎಂದು ಮೊದಲು ನೋಡಬೇಕು, ದೊರೆತಿಲ್ಲವಾದರೆ ಅಷ್ಟಕ್ಕೇ ನಿಲ್ಲಬೇಕು. ಆಮೇಲೆ ಬ್ಯಾಕಪ್ ತೆಗೆಯಬೇಕು. ನಾಲ್ಕು ಸರ್ವರುಗಳಲ್ಲಿ ಒಂದನ್ನು ಸಾಲಿನಿಂದ ಹೊರಗೆ ತೆಗೆದು, ಅದರ ಕೆಲಸವನ್ನು ಉಳಿದ ಮೂರು ಹೊತ್ತುಕೊಂಡವೆಂದು ಖಚಿತಮಾಡಿಕೊಂಡು, ಸರ್ವಿಸ್ ನಿಲ್ಲಿಸಿ, ತೇಪೆ ಹಾಕಿ, ರೀಬೂಟ್ ಮಾಡಿ, ಅದು ಮತ್ತೆ ಏಳುವವರೆಗೆ ಕಪ್ಪು ಪರದೆಯನ್ನು ನೋಡುತ್ತ ಕೂರಬೇಕು. ಎದ್ದ ಮೇಲೆ ಲಾಗ್ ಕಡತದಲ್ಲಿ ಸಾಲು ಸಾಲಾಗಿ ಹರಿದುಬರುವ ಅಕ್ಷರಗಳಲ್ಲಿ ‘ಎರರ್’ ಎಂಬ ಪದ ಎಲ್ಲಿಯಾದರೂ ಇದೆಯೇ ಎಂದು ಹುಡುಕಬೇಕು. “ಸರ್ವರ್ ಅಪ್ ಆಗಿದೆ, ನೀವು ಒಂದು ಸಲ ಚೆಕ್ ಮಾಡಿ ಸರ್” ಎಂದು ಅಪ್ಲಿಕೇಷನ್ ನೋಡಿಕೊಳ್ಳುವವರಿಗೆ ಹೇಳಬೇಕು. ಅವರು ಲಾಗಿನ್ ಆಗಿ ಒಂದೆರಡು ವ್ಯವಹಾರ ನಡೆಸಿ ಸರಿಯೆಂದರೆ ಎರಡನೆಯ ಸರ್ವರು. ಸರಿಯಿಲ್ಲವೆಂದರೆ, ಗೊತ್ತುಪಡಿಸಿದ ವೇಳೆ ಮುಗಿಯುವುದರೊಳಗೆ ಎಲ್ಲವನ್ನೂ ಹಿಂದಿನಂತೆ ಮಾಡಿ, ಅಂದರೆ ರೋಲ್‌ಬ್ಯಾಕ್ ಮಾಡಿ, ಮುಂದಿನ ವಾರಕ್ಕೆ ಹೊಸ ಅರ್ಜಿ ಹಾಕಬೇಕು. ತೇಪೆ ಸರಿಯಾಗಿ ಬಿದ್ದ ದಿನ ಈ ತರುಣನನ್ನು ಅಭಿನಂದಿಸುವವರಿಲ್ಲ. ಏನೂ ಆಗಲಿಲ್ಲವೆಂಬುದೇ ಅವನ ಕೆಲಸದ ಫಲ. ಸೋಮವಾರ ಬೆಳಿಗ್ಗೆ ಗಿರಾಕಿಯ ಒಂದು ಪುಟ ತೆರೆಯದಿದ್ದರೆ ಮಾತ್ರ ಅವನ ಹೆಸರು ಮೇಲಿನಿಂದ ಕೆಳಗಿನವರೆಗೆ ಎಲ್ಲರ ಬಾಯಲ್ಲಿಯೂ ಇರುತ್ತದೆ. ತೇಪೆ ಹಚ್ಚಿ ಕೆಟ್ಟರೆ ಶಿಕ್ಷೆ ನಿಶ್ಚಿತ, ಹಚ್ಚದೆ ಬಿಟ್ಟರೆ ಅಪಾಯ ಬರಿಯ ಸಂಭಾವ್ಯ ಎಂಬಂಥ ವ್ಯವಸ್ಥೆಯಲ್ಲಿ ವಿವೇಕಿಯಾದವನು ಯಾವುದನ್ನು ಆರಿಸಿಕೊಂಡಾನೆಂಬುದು ಊಹೆಗೆ ನಿಲುಕದ ವಿಷಯವೇನಲ್ಲ.

ಮತ್ತು ಆ ಭಯ ನಿರಾಧಾರವೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ದೋಷಯುಕ್ತವಾದ ಒಂದು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಡಬೇಕಾಯಿತು. ರಕ್ಷಣೆಗೆಂದು ಬಂದದ್ದೇ ಭಕ್ಷಿಸಿದ ಉದಾಹರಣೆ ಕಣ್ಣೆದುರಿಗಿರುವಾಗ, “ಮೊದಲು ಪರೀಕ್ಷಿಸೋಣ, ಆಮೇಲೆ ಹಚ್ಚೋಣ” ಎನ್ನುವವನನ್ನು ಹೇಡಿಯೆನ್ನಲಾಗದು. ಸ್ಟ್ರಟ್ಸ್‌ನಂಥ ಒಳ ಅಂಗದ ವಿಷಯದಲ್ಲಿಯಂತೂ ತೊಡಕು ಇನ್ನೂ ಹೆಚ್ಚು. ಅಲ್ಲಿ ಸರ್ವರಿಗೆ ತೇಪೆ ಹಾಕಿದರೆ ಸಾಲದು. ಅದನ್ನು ಒಳಗೊಂಡ ಪ್ರತಿಯೊಂದು ಪ್ರೋಗ್ರಾಮನ್ನೂ ಹೊಸ ಅಂಗದೊಡನೆ ಮರಳಿ ಕಟ್ಟಿ, ಮರಳಿ ಪರೀಕ್ಷಿಸಿ, ಮರಳಿ ಸ್ಥಾಪಿಸಬೇಕು. ಹತ್ತು ವರ್ಷಗಳ ಹಿಂದೆ ಬರೆದವನು ಯಾರೋ, ಬರೆದ ಮೂಲಪ್ರತಿ ಎಲ್ಲಿಯೋ!

ಇಕ್ವಿಫ್ಯಾಕ್ಸ್ ಒಂದೇ ಹೀಗೆ ಎಡವಿತೆಂದು ತಿಳಿಯಬಾರದು. 2003ರ ಜನವರಿ 25ರಂದು ‘ಸ್ಲ್ಯಾಮರ್’ ಎಂಬ ಹುಳು, 376 ಬೈಟುಗಳ ಒಂದು ಅಣುಗಾತ್ರದ ಪ್ರೋಗ್ರಾಮು, ಹತ್ತೇ ನಿಮಿಷಗಳಲ್ಲಿ ತನಗೆ ಎಟುಕಬಲ್ಲ ಯಂತ್ರಗಳ ನೂರಕ್ಕೆ ತೊಂಬತ್ತು ಪಾಲನ್ನು ಆಕ್ರಮಿಸಿತು. ಅದು ನುಗ್ಗಿದ, ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದ ಲೋಪಕ್ಕೆ ಆರು ತಿಂಗಳ ಹಿಂದೆಯೇ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಿತ್ತು. ಆದರೂ ಮೈಕ್ರೋಸಾಫ್ಟ್‌ನ ಸ್ವಂತ ಕಚೇರಿಯ ಕೆಲವು ಯಂತ್ರಗಳೂ ಅದಕ್ಕೆ ತುತ್ತಾದುವೆಂಬುದು ಸ್ವಾರಸ್ಯ. ಹಚ್ಚದೆ ಉಳಿದವರಲ್ಲಿ ಅನೇಕರು ತಮ್ಮಲ್ಲಿ ಆ ತಂತ್ರಾಂಶವಿದೆಯೆಂದೇ ಅರಿಯದವರು; ಎಸ್‌ಕ್ಯೂಎಲ್ ಸರ್ವರಿನ ಒಂದು ಕಿರು ರೂಪ ಬೇರೆ ಬೇರೆ ತಂತ್ರಾಂಶಗಳ ಹೊಟ್ಟೆಯೊಳಗೆ ಕುಳಿತು ಅವರ ಯಂತ್ರಗಳನ್ನು ಸೇರಿಕೊಂಡಿತ್ತು. 2017ರ ಮೇ 12ರಂದು ಹಬ್ಬಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ರದ್ದಾಗುವಂತೆ ಮಾಡಿದ ವಾನಾಕ್ರೈ ಎಂಬ ಹುಳು ಕೂಡ ಹಾಗೆಯೇ. ಅದರ ಲೋಪಕ್ಕೆ ತೇಪೆ ಬಂದು ಆಗಲೇ ಎರಡು ತಿಂಗಳು ಸಂದಿತ್ತು.

ಲೋಕವೆಲ್ಲ ವಾನಾಕ್ರೈ ಗದ್ದಲದಲ್ಲಿ ಮುಳುಗಿದ್ದ ಆ ವಾರಾಂತ್ಯದಲ್ಲಿಯೇ, ಮೇ 13ರಂದು, ಇಕ್ವಿಫ್ಯಾಕ್ಸ್‌ನ ಎಸಿಐಎಸ್‌ನೊಳಗೆ ಕಳ್ಳರು ಕಾಲಿಟ್ಟರು. ಮುಂದೆ 76 ದಿನ ಅವರು ಅಲ್ಲಿ ನಿರಾತಂಕವಾಗಿದ್ದರು. ಒಂದು ಕಡತದಲ್ಲಿ ಯೂಸರ್ ಹೆಸರುಗಳೂ ಪಾಸ್‌ವರ್ಡುಗಳೂ ಯಾವ ಗೂಢಲಿಪಿಯ ಮರೆಯೂ ಇಲ್ಲದೆ ಬರೆದಿದ್ದು ಅವರಿಗೆ ಸಿಕ್ಕಿತು. ಅದರ ಬಲದಿಂದ ಎಸಿಐಎಸ್‌ಗೆ ಸಂಬಂಧವೇ ಇಲ್ಲದ 48 ಡೇಟಾಬೇಸುಗಳು ಅವರ ಕೈವಶವಾದವು. ಸುಮಾರು 9,000 ಪ್ರಶ್ನೆಗಳನ್ನು ಕೇಳಿ, 265 ಬಾರಿ ಜನರ ಖಾಸಗಿ ವಿವರಗಳನ್ನು ಪಡೆದರು. ಹೊರಹೋಗುವ ಸಂದೇಶಗಳನ್ನು ಬಿಚ್ಚಿ ಪರೀಕ್ಷಿಸುವುದಕ್ಕೆಂದೇ ಕಂಪನಿಯಲ್ಲಿ ಒಂದು ಉಪಕರಣವಿರಲಿಲ್ಲವೇ? ಇತ್ತು. ಅದು ಕೆಲಸ ಮಾಡಲು ಬೇಕಾದ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಸುಮಾರು 19 ತಿಂಗಳ ಹಿಂದೆ ಮುಗಿದಿತ್ತು. ಉಪಕರಣ ಇದ್ದೂ ಕುರುಡಾಗಿತ್ತು. ಜುಲೈ 29ರಂದು ಯಾರೋ ಸರ್ಟಿಫಿಕೇಟನ್ನು ನವೀಕರಿಸಿದರು. ನವೀಕರಿಸಿದ ಕೂಡಲೇ ಕಳವು ಕಣ್ಣಿಗೆ ಬಿದ್ದಿತು! ಮರುದಿನ ಎಸಿಐಎಸ್ ನಿಂತಿತು. ಹಚ್ಚದ ತೇಪೆಗೂ ನವೀಕರಿಸದ ಸರ್ಟಿಫಿಕೇಟಿಗೂ ತಾಂತ್ರಿಕವಾಗಿ ಯಾವ ನಂಟೂ ಇಲ್ಲ. ಆದರೆ ಎರಡಕ್ಕೂ ಬೇಕಾಗಿದ್ದ ದಫ್ತರ ಒಂದೇ, ಅದು ಇರಲಿಲ್ಲ.

ಅಕ್ಟೋಬರ್ 3ರಂದು, ಅಷ್ಟು ಹೊತ್ತಿಗೆ ಪದವಿ ತ್ಯಜಿಸಿದ್ದ ಕಂಪನಿಯ ಮುಖ್ಯಾಧಿಕಾರಿ ರಿಚರ್ಡ್ ಸ್ಮಿತ್ ಕಾಂಗ್ರೆಸ್ಸಿನ ಸಮಿತಿಯೆದುರು ಸಾಕ್ಷ್ಯ ನುಡಿಯುತ್ತ, ತೇಪೆ ಹಚ್ಚುವಂತೆ ತಿಳಿಸಬೇಕಾಗಿದ್ದ ಒಬ್ಬ ವ್ಯಕ್ತಿ ಸರಿಯಾದವರಿಗೆ ತಿಳಿಸಲಿಲ್ಲವೆಂಬುದು ಮೊದಲ ಕಾರಣ, ಸ್ಕ್ಯಾನರು ಲೋಪವನ್ನು ಗುರುತಿಸಲಿಲ್ಲವೆಂಬುದು ಎರಡನೆಯದು ಎಂದರು. ಅದರ ಹಿಂದಿನ ದಿನ, ಆ ಇಮೇಲ್ ತಲುಪಿದ 400ಕ್ಕೂ ಹೆಚ್ಚು ಜನರಲ್ಲಿ ಒಬ್ಬರಾಗಿದ್ದ ಹಿರಿಯ ಅಧಿಕಾರಿಯೊಬ್ಬರನ್ನು, ಅದನ್ನು ಮುಂದಕ್ಕೆ ಕಳುಹಿಸಲಿಲ್ಲವೆಂಬ ಕಾರಣಕ್ಕೆ ಕೆಲಸದಿಂದ ತೆಗೆದಿದ್ದರು. ದೊಡ್ಡ ಸಂಸ್ಥೆಗಳು ಆಪತ್ಕಾಲದಲ್ಲಿ ಒಂದು ತಲೆಯನ್ನು ಹುಡುಕುವುದು ಹೊಸದೇನಲ್ಲ. ಆದರೆ ಕೋಟ್ಯಂತರ ಜನರ ಭದ್ರತೆ ಒಂದು ಇಮೇಲನ್ನು ಒಬ್ಬನು ಫಾರ್ವರ್ಡ್ ಮಾಡುವುದರ ಮೇಲೆ ನಿಂತಿತ್ತೆಂದು ಒಪ್ಪಿಕೊಳ್ಳುವುದು, ಆಪಾದನೆಯನ್ನು ಆ ಒಬ್ಬನ ಮೇಲಿಂದ ತೆಗೆದು ಹಾಗೆ ನಿಲ್ಲಿಸಿದವರ ಮೇಲೆ ಹೊರಿಸಿಕೊಂಡಂತೆಯೇ ಸರಿ. 2018ರ ಡಿಸೆಂಬರಿನಲ್ಲಿ ಹೊರಬಂದ ಪ್ರತಿನಿಧಿಸಭೆಯ ಸಮಿತಿಯ ವರದಿ ಈ ಅನಾಹುತವನ್ನು ಸಂಪೂರ್ಣವಾಗಿ ತಪ್ಪಿಸಬಹುದಾಗಿತ್ತೆಂದು ತೀರ್ಮಾನಿಸಿತು; ಹೊಣೆ ಯಾರದೆಂಬುದು ಕಂಪನಿಯ ರಚನೆಯಲ್ಲಿಯೇ ಸ್ಪಷ್ಟವಿರಲಿಲ್ಲವೆಂಬುದನ್ನೂ ಎತ್ತಿ ತೋರಿಸಿತು.

ಲೋಕ ಪಾಠ ಕಲಿಯಿತೇ ಎಂದರೆ, 2021ರ ಡಿಸೆಂಬರಿನಲ್ಲಿ ಅದೇ ಅಪಾಚೆ ಸಂಸ್ಥೆಯ ‘ಲಾಗ್‌ಫೋರ್‌ಜೆ’ ಎಂಬ ಇನ್ನೊಂದು ಜಾವಾ ಅಂಗದಲ್ಲಿ ಅದೇ ಜಾತಿಯ ಲೋಪ ಕಾಣಿಸಿಕೊಂಡಿತು. ಇದರ ಕೆಲಸ ಬಂದುಹೋದದ್ದನ್ನು ಲಾಗ್ ಕಡತದಲ್ಲಿ ಬರೆದಿಡುವುದು. ಬರೆದಿಡಬೇಕಾದ ಪದದಲ್ಲಿ ವಿಶಿಷ್ಟವಾದ ಒಂದು ಸೂತ್ರವಿದ್ದರೆ ಬರೆಯುವ ಬದಲು ಇದೂ ಅದನ್ನು ಆಜ್ಞೆಯೆಂದು ಪಾಲಿಸುತ್ತಿತ್ತು. ಮೈನ್‌ಕ್ರಾಫ್ಟ್ ಎಂಬ ಮಕ್ಕಳ ಆಟದ ಸರ್ವರುಗಳಲ್ಲಿ, ಆಟಗಾರರು ಹರಟೆ ಹೊಡೆಯುವ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದೇ ಯಂತ್ರವನ್ನು ವಶಪಡಿಸಿಕೊಳ್ಳಬಹುದಾಗಿತ್ತು. ತೀವ್ರತೆಯ ಮಾಪಕದಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಅಂಕ ಬಂದಿತು. ಮೊದಲ ತೇಪೆ ಅಪೂರ್ಣವೆಂದು ತಿಳಿದು, ತೇಪೆಗೆ ತೇಪೆಯಾಗಿ ಅದೇ ತಿಂಗಳಲ್ಲಿ ಮತ್ತೆ ಮತ್ತೆ ಆವೃತ್ತಿಗಳು ಹೊರಬಂದವು. ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಲೋಕದ ಕಚೇರಿಗಳಲ್ಲೆಲ್ಲ ಕೇಳಿಬಂದ ಪ್ರಶ್ನೆ ಹೇಗೆ ಹಚ್ಚುವುದೆಂಬುದಲ್ಲ. ಈ ಲಾಗ್‌ಫೋರ್‌ಜೆ ನಮ್ಮಲ್ಲಿ ಎಲ್ಲೆಲ್ಲಿ ಇದೆಯೆಂಬುದು. ಒಂದು ತಂತ್ರಾಂಶದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಪದರು ಪದರಾಗಿ ಅಡಗಿ ಕುಳಿತಿದ್ದ ಅದನ್ನು ಹುಡುಕಿ ತೆಗೆಯುವುದಕ್ಕೆ ಹಿಡಿದಷ್ಟು ಕಾಲ ತೇಪೆ ಹಾಕುವುದಕ್ಕೆ ಹಿಡಿಯಲಿಲ್ಲ.

ಕೆಲವು ಸುಧಾರಣೆಗಳಾಗಿವೆಯೆನ್ನುವುದು ನ್ಯಾಯ. ಪ್ರತಿವರ್ಷ ಪ್ರಕಟವಾಗುವ ಲೋಪಗಳ ಸಂಖ್ಯೆ 2024ರಲ್ಲಿ ಸುಮಾರು 40,000ಕ್ಕೆ ಮುಟ್ಟಿರುವುದರಿಂದ ಎಲ್ಲಕ್ಕೂ ಒಂದೇ ತ್ವರೆಯಿಂದ ತೇಪೆ ಹಚ್ಚುವುದು ಯಾರಿಂದಲೂ ಆಗದ ಮಾತು. ಆದಕಾರಣ ಅಮೆರಿಕ ಸರ್ಕಾರದ ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಸೈಸಾ ಸಂಸ್ಥೆ, ಕಳ್ಳರು ನಿಜವಾಗಿ ಬಳಸುತ್ತಿರುವ ಲೋಪಗಳನ್ನು ಮಾತ್ರ ಆಯ್ದು, 2021ರ ನವೆಂಬರಿನಿಂದ ಬೇರೆಯೇ ಒಂದು ಪಟ್ಟಿಯನ್ನು ಪ್ರಕಟಿಸುತ್ತ, ಅಲ್ಲಿಯ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಗಡುವನ್ನೂ ವಿಧಿಸುತ್ತಿದೆ. ಸರ್ಕಾರಕ್ಕೆ ಮಾರುವ ತಂತ್ರಾಂಶದೊಳಗೆ ಯಾವ ಯಾವ ಅಂಗಗಳಿವೆಯೆಂಬ ಪಟ್ಟಿಯನ್ನು ಮಾರುವವನೇ ಕೊಡಬೇಕೆಂಬ ಆಲೋಚನೆಗೆ 2021ರ ಮೇ ತಿಂಗಳ ಅಧ್ಯಕ್ಷರ ಆದೇಶವೊಂದರಿಂದ ಬಲ ಬಂದಿತು. ನಮ್ಮಲ್ಲಿ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡತಕ್ಕದ್ದೆಂದೂ ಲಾಗ್‌ಗಳನ್ನು 180 ದಿನ ಕಾಪಾಡತಕ್ಕದ್ದೆಂದೂ ವಿಧಿಸಿದೆ. ವರದಿ ಮಾಡುವುದು ಕೆಟ್ಟ ಮೇಲಿನ ಮಾತು. ಕೆಡುವುದಕ್ಕೆ ಮೊದಲಿನ ದಫ್ತರದ ವಿಷಯದಲ್ಲಿ ಇಷ್ಟೇ ಖಡಕ್ಕಾದ ನಿಯಮ ಬರುವುದನ್ನು ನಾನಂತೂ ಎದುರುನೋಡುತ್ತಿದ್ದೇನೆ.

2019ರ ಜುಲೈಯಲ್ಲಿ ಇಕ್ವಿಫ್ಯಾಕ್ಸ್ ಅಮೆರಿಕದ ವ್ಯಾಪಾರ ಆಯೋಗ, ಗ್ರಾಹಕ ಸಂರಕ್ಷಣಾ ಸಂಸ್ಥೆ ಹಾಗೂ ರಾಜ್ಯಗಳೊಡನೆ ಮಾಡಿಕೊಂಡ ಒಪ್ಪಂದದಂತೆ ಕನಿಷ್ಠ 57 ಕೋಟಿ 50 ಲಕ್ಷ ಡಾಲರುಗಳನ್ನು ತೆರಲು ಒಪ್ಪಿತು. ವಿವರ ಕಳವಾದವರಿಗೆ ತಲಾ 125 ಡಾಲರು ಸಿಗುವುದೆಂಬ ಮಾತು ಹಬ್ಬಿ, ಅರ್ಜಿಗಳ ಪ್ರವಾಹವೇ ಬಂದದ್ದರಿಂದ, ಅದಕ್ಕಾಗಿ ಮೀಸಲಿಟ್ಟ ಹಣ ಸಾಲದೆ ಅಷ್ಟು ಸಿಗಲಾರದೆಂದು ಆಯೋಗವೇ ಕೆಲವೇ ದಿನಗಳಲ್ಲಿ ಹೇಳಬೇಕಾಯಿತು. 2020ರ ಫೆಬ್ರವರಿಯಲ್ಲಿ ಅಲ್ಲಿಯ ನ್ಯಾಯಾಂಗ ಇಲಾಖೆ ಚೀನದ ಸೈನ್ಯಕ್ಕೆ ಸೇರಿದ ನಾಲ್ವರ ಮೇಲೆ ಈ ಕಳವಿನ ಆರೋಪ ಹೊರಿಸಿತು. ಹಣಕ್ಕಿಂತಲೂ ಆರೋಪಪಟ್ಟಿಗಿಂತಲೂ ನನಗೆ ಮುಖ್ಯವಾಗಿ ತೋರಿದ್ದು ಒಪ್ಪಂದದ ಇನ್ನೊಂದು ಷರತ್ತು: ಕಂಪನಿಯ ಭದ್ರತಾ ವ್ಯವಸ್ಥೆಯನ್ನು ಎರಡು ವರ್ಷಕ್ಕೊಮ್ಮೆ ಹೊರಗಿನವರು ಬಂದು ಪರೀಕ್ಷಿಸಬೇಕು, ಷರತ್ತುಗಳೆಲ್ಲ ಪಾಲನೆಯಾಗಿವೆಯೆಂದು ಪ್ರತಿವರ್ಷ ಪ್ರಮಾಣೀಕರಿಸಬೇಕಾದದ್ದು ಇಮೇಲ್ ಪಟ್ಟಿಯ ಯಾವನೋ ಒಬ್ಬ ಅಧಿಕಾರಿಯಲ್ಲ, ನಿರ್ದೇಶಕ ಮಂಡಲಿ.